ಹತ್ತು ದಿನ ಕಾದರೆ ಪ್ಯಾಕೇಜ್ ಸಿದ್ಧವಾಯಿತೇ?

ಪ್ರಶ್ನೆ: ಮಾನ್ಯರೇ, ಶಿರಸಿ ಮತ್ತು ಸಿದ್ದಾಪುರ ತಾಲ್ಲೂಕುಗಳ ಕೆಲವು ಸೇವಾ ಸಹಕಾರಿ ಸಂಘಗಳು ಹಾಗೂ ಎರಡು ಪ್ರೌಢಶಾಲೆಗಳ ಒಟ್ಟು 64 ಕಂಪ್ಯೂಟರ್‌ಗಳನ್ನು ನಾನು ಮತ್ತು ನನ್ನ ಸಹಾಯಕ ನೋಡಿಕೊಳ್ಳುತ್ತೇವೆ. ಎಲ್ಲದರಲ್ಲೂ ಡೆಬಿಯನ್ ಎಂಬ ಲಿನಕ್ಸ್ ಇದೆ. ರಸೀದಿ ಮುದ್ರಣ, ಸದಸ್ಯರ ಖಾತೆ, ಅಡಿಕೆ ತೂಕದ ಚೀಟಿ, ಕನ್ನಡ ಕೀಲಿಮಣೆ, ಫಾಂಟ್ ಹೀಗೆ ನಾವೇ ಕಟ್ಟಿದ 40ರಷ್ಟು ಪ್ಯಾಕೇಜ್‌ಗಳಿವೆ. ನಮ್ಮ ಸರ್ವರ್‌ನಲ್ಲಿ ಪರೀಕ್ಷೆಗೆ ಟೆಸ್ಟಿಂಗ್, ಎಲ್ಲರ ಬಳಕೆಗೆ ಸ್ಟೇಬಲ್ ಎಂದು ಎರಡು ರೆಪೊಸಿಟರಿ (ಪ್ಯಾಕೇಜ್ ಭಂಡಾರ) ಮಾಡಿಕೊಂಡಿದ್ದೇವೆ. ಆರು ಕಂಪ್ಯೂಟರ್‌ಗಳು ಟೆಸ್ಟಿಂಗ್‌ನಿಂದ, ಉಳಿದವು ಸ್ಟೇಬಲ್‌ನಿಂದ ಪ್ಯಾಕೇಜ್ ಪಡೆಯುತ್ತವೆ. ಯಾವುದು ಸ್ಟೇಬಲ್‌ಗೆ ಹೋಗಲು ಸಿದ್ಧ ಎಂಬುದನ್ನು ಎಕ್ಸೆಲ್ ಹಾಳೆಯಲ್ಲಿ ಬರೆದಿಡುತ್ತೇವೆ. ಹಾಳೆ ಯಾವಾಗಲೂ ಹಿಂದೆ ಬೀಳುತ್ತದೆ. ಟೆಸ್ಟಿಂಗ್‌ನಲ್ಲಿ 10 ದಿನ ಕಳೆದ ಪ್ಯಾಕೇಜನ್ನು ತಾನಾಗಿಯೇ ಸ್ಟೇಬಲ್‌ಗೆ ಸೇರಿಸುವ ಸ್ಕ್ರಿಪ್ಟ್ ಬರೆದರೆ ಸಾಕೇ?

ಉತ್ತರ: ಸ್ಕ್ರಿಪ್ಟ್ ಖಂಡಿತ ಬರೆಯಿರಿ. ಆದರೆ ಪ್ಯಾಕೇಜನ್ನು ಸ್ಟೇಬಲ್‌ಗೆ ದಾಟಿಸುವ ಕೆಲಸವನ್ನು ಅದಕ್ಕೆ ಈಗಲೇ ಒಪ್ಪಿಸಬೇಡಿ. ಟೆಸ್ಟಿಂಗ್‌ನಲ್ಲಿರುವ ಒಂದೊಂದು ಪ್ಯಾಕೇಜೂ ಯಾವ ಕಾರಣಕ್ಕೆ ಇನ್ನೂ ದಾಟುವಂತಿಲ್ಲ ಎಂಬುದನ್ನು ಪ್ರತಿ ರಾತ್ರಿ ಲೆಕ್ಕ ಹಾಕಿ ಒಂದು ಪುಟದಲ್ಲಿ ಬರೆದಿಡುವುದು ಅದರ ಕೆಲಸವಾಗಲಿ. ಬೆಳಿಗ್ಗೆ ನೀವು ಕಚೇರಿಗೆ ಬಂದಾಗ ತಡೆ ಒಂದೂ ಉಳಿಯದ ಪ್ಯಾಕೇಜ್‌ಗಳು ಮೇಲೆ, ತಡೆ ಇರುವವು ಕಾರಣ ಸಮೇತ ಕೆಳಗೆ ಕಾಣಬೇಕು. ಇನ್ನು ಆ 10 ದಿನದ ವಿಷಯ. ಅದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಅದು ಗಟ್ಟಿಯಾದದ್ದು ಹೇಗೆಂದು ಮೊದಲು ಹೇಳುತ್ತೇನೆ.

ಕಾರವಾರದ ಬೈತಖೋಲ್ ಬಂದರಿನ ಹತ್ತಿರ ಮೀನುಗಾರರ ಒಂದು ಸಂಘದ ಕಂಪ್ಯೂಟರ್‌ಗಳನ್ನು ಕೆಲವು ವರ್ಷ ನಾನು ನೋಡಿಕೊಳ್ಳುತ್ತಿದ್ದೆ. ಬೋಟುಗಳಿಗೆ ಡೀಸೆಲ್ ಚೀಟಿ ಮುದ್ರಿಸುವ ಸಣ್ಣ ಪ್ರೋಗ್ರಾಂ ಒಂದು ಅಲ್ಲಿತ್ತು. ಅದರ ಹೊಸ ಆವೃತ್ತಿಯನ್ನು ಜೂನ್ ಮೊದಲ ವಾರ ಟೆಸ್ಟಿಂಗ್‌ಗೆ ಹಾಕಿದೆ. ಆಗ ನನ್ನ ನಿಯಮ 14 ದಿನದ್ದು. 14 ದಿನ ಕಳೆಯಿತು, 30 ದಿನ ಕಳೆಯಿತು, ಒಂದು ದೂರೂ ಬರಲಿಲ್ಲ. ಜುಲೈ ಮಧ್ಯದಲ್ಲಿ ನಿಶ್ಚಿಂತೆಯಿಂದ ಸ್ಟೇಬಲ್‌ಗೆ ದಾಟಿಸಿದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಬೋಟು ಇಳಿಯದಿದ್ದರೆ ಡೀಸೆಲ್ ಚೀಟಿ ಯಾರಿಗೆ ಬೇಕು? ಅಷ್ಟೂ ದಿನ ಆ ಪ್ರೋಗ್ರಾಮನ್ನು ಯಾರೂ ತೆರೆದೇ ಇರಲಿಲ್ಲ. ಆಗಸ್ಟ್ 1ರ ನಸುಕಿನಲ್ಲಿ ಜನ ಸಾಲು ನಿಂತಿದ್ದಾಗ ಪ್ರಿಂಟರ್‌ನಿಂದ ಹೊರಬಂದ ಚೀಟಿಯಲ್ಲಿ ಬೋಟಿನ ನೋಂದಣಿ ಸಂಖ್ಯೆಯ ಕೊನೆಯ ಎರಡು ಅಂಕಿ ಕಾಗದದ ಅಂಚಿಗೆ ಸಿಕ್ಕಿ ಮಾಯವಾಗಿದ್ದವು. ಪೂರ್ತಿ ಸಂಖ್ಯೆ ಇಲ್ಲದ ಚೀಟಿಗೆ ಪಂಪಿನಲ್ಲಿ ಡೀಸೆಲ್ ಸಿಗಲಿಲ್ಲ. ಗುಮಾಸ್ತರು ಒಂದೊಂದು ಚೀಟಿಯ ಮೇಲೂ ಕೈಯಲ್ಲಿ ಅಂಕಿ ಬರೆದು, ಮೊಹರು ಒತ್ತಿ, ಸಹಿ ಹಾಕಿ ಕೊಡುತ್ತಾ ಕುಳಿತರು. ಹಳೆಯ ಆವೃತ್ತಿಯನ್ನು ಮರಳಿ ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಕೆಲವರಿಗೆ ಹಂಗಾಮಿನ ಮೊದಲ ದಿನವೇ ಕೈತಪ್ಪಿತು.

ಟೆಸ್ಟಿಂಗ್‌ನಲ್ಲಿ ಎಷ್ಟು ದಿನ ಇತ್ತು ಎಂಬ ಅಂಕಿ ನನ್ನ ಹಾಳೆಯಲ್ಲಿ ಸರಿಯಾಗಿಯೇ ಇತ್ತು. ಆ ದಿನಗಳಲ್ಲಿ ಒಬ್ಬರೂ ಅದನ್ನು ಬಳಸಿಲ್ಲ ಎಂಬುದನ್ನು ಬರೆಯಲು ಹಾಳೆಯಲ್ಲಿ ಜಾಗವೇ ಇರಲಿಲ್ಲ.

10 ದಿನ ಎಂಬ ಅಂಕಿ ನಿಮಗೆ ಡೆಬಿಯನ್‌ನಿಂದಲೇ ಬಂದಿರಬೇಕು. ಡೆಬಿಯನ್‌ನಲ್ಲಿ ಹೊಸ ಪ್ಯಾಕೇಜ್ ಮೊದಲು ಅನ್‌ಸ್ಟೇಬಲ್‌ಗೆ ಬರುತ್ತದೆ. ಅಲ್ಲಿಂದ ಟೆಸ್ಟಿಂಗ್‌ಗೆ ದಾಟಲು ಅರ್ಹವೇ ಎಂದು ನೋಡುವುದು ಬ್ರಿಟ್ನಿ ಎಂಬ ಪ್ರೋಗ್ರಾಂ. ಪ್ಯಾಕೇಜ್ ಕಟ್ಟಿದವರು ಅದರ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ಕಡತದಲ್ಲಿ ತುರ್ತು ಎಷ್ಟೆಂದು ನಮೂದಿಸಿರುತ್ತಾರೆ. ಸಾಮಾನ್ಯವಾಗಿ ಕಡಿಮೆ ತುರ್ತಿನದಕ್ಕೆ 10 ದಿನ, ಮಧ್ಯಮಕ್ಕೆ 5, ಹೆಚ್ಚು ತುರ್ತಿನದಕ್ಕೆ 2 ದಿನ ಕಾಯಬೇಕು. ಈ ಅಂಕಿಗಳು ಎಲ್ಲರ ನೆನಪಿನಲ್ಲಿ ಉಳಿಯುತ್ತವೆ, ಏಕೆಂದರೆ ಅವು ಅಂಕಿಗಳು. ಆದರೆ ದಿನ ತುಂಬುವುದು ಹಲವು ಷರತ್ತುಗಳಲ್ಲಿ ಒಂದು ಮಾತ್ರ. ಈ ಹಿಂದೆ ಯಾವ ಯಾವ ಆರ್ಕಿಟೆಕ್ಚರ್‌ಗೆ (ಪ್ರೊಸೆಸರ್ ಬಗೆಗೆ) ಪ್ಯಾಕೇಜ್ ಸಿಗುತ್ತಿತ್ತೋ ಅವೆಲ್ಲಕ್ಕೂ ಹೊಸ ಆವೃತ್ತಿ ಬಿಲ್ಡ್ ಆಗಿರಬೇಕು. ಟೆಸ್ಟಿಂಗ್‌ನಲ್ಲಿ ಈಗಿರುವ ಆವೃತ್ತಿಯಲ್ಲಿಲ್ಲದ ಗಂಭೀರ ದೋಷವನ್ನು ಹೊಸದು ತರಬಾರದು. ಅದಕ್ಕೆ ಬೇಕಾದ ಬೇರೆ ಪ್ಯಾಕೇಜ್‌ಗಳು ಟೆಸ್ಟಿಂಗ್‌ನಲ್ಲಿ ಸಿಗುವಂತಿರಬೇಕು. ಅದು ಬಂದದ್ದರಿಂದ ಬೇರೆ ಯಾವುದೂ ಇನ್‌ಸ್ಟಾಲ್ ಆಗದ ಸ್ಥಿತಿಗೆ ಬೀಳಬಾರದು. ಈಗ ಇವುಗಳ ಜೊತೆಗೆ ಸ್ವಯಂಚಾಲಿತ ಪರೀಕ್ಷೆಗಳಲ್ಲಿ ಹಿಂದೆ ಪಾಸಾಗುತ್ತಿದ್ದದ್ದು ಫೇಲಾದರೂ ಪ್ಯಾಕೇಜ್ ಅಲ್ಲಿಯೇ ನಿಲ್ಲುತ್ತದೆ.

ಬ್ರಿಟ್ನಿಯಲ್ಲಿ ನನಗೆ ಬಹಳ ಹಿಡಿಸಿದ್ದು ಅದು ಬರೆದಿಡುವ ಎಕ್ಸ್‌ಕ್ಯೂಸಸ್ ಎಂಬ ಪುಟ. ಹೆಸರೇ ಹೇಳುವಂತೆ ಒಂದೊಂದು ಪ್ಯಾಕೇಜೂ ತಾನು ಇನ್ನೂ ದಾಟದಿರುವುದಕ್ಕೆ ಅಲ್ಲಿ ಸಬೂಬು ಕೊಡುತ್ತದೆ: ಇನ್ನೂ ಮೂರು ದಿನ ಬಾಕಿ, ಇಂಥ ಆರ್ಕಿಟೆಕ್ಚರ್‌ನಲ್ಲಿ ಬಿಲ್ಡ್ ಇಲ್ಲ, ಇಂಥ ಸಂಖ್ಯೆಯ ಬಗ್ ತೆರೆದಿದೆ. ಡೆಬಿಯನ್‌ನ ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜಿನಲ್ಲಿ ಗ್ರೆಪ್-ಎಕ್ಸ್‌ಕ್ಯೂಸಸ್ ಎಂಬ ಆಜ್ಞೆಯಿದೆ. ನಿಮ್ಮಲ್ಲಿರುವ ಯಾವುದಾದರೂ ಡೆಬಿಯನ್ ಪ್ಯಾಕೇಜಿನ ಹೆಸರು ಕೊಟ್ಟು ಒಮ್ಮೆ ಓಡಿಸಿ ನೋಡಿ. ನೀವು ಕಟ್ಟಬೇಕಾದ ಪುಟ ಹೇಗಿರಬೇಕೆಂದು ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಜೆಂಟೂ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ದಾರಿ ಬೇರೆ. ಅಲ್ಲಿ ಪ್ಯಾಕೇಜ್ ಸಾಮಾನ್ಯವಾಗಿ 30 ದಿನ ಪರೀಕ್ಷಾ ಹಂತದಲ್ಲಿ ಇರಬೇಕು. ದಿನ ದಾಟಿದವುಗಳನ್ನು ಪಿಕೆಜಿಚೆಕ್ ಎಂಬ ಸಾಧನ ಹುಡುಕಿ ಪಟ್ಟಿ ಮಾಡುತ್ತದೆ. ಆಮೇಲೆ ಅದನ್ನು ಸ್ಟೇಬಲ್ ಮಾಡಿ ಎಂಬ ಕೋರಿಕೆ ಬಗ್‌ಜಿಲ್ಲಾ ಎಂಬ ದೂರು ವ್ಯವಸ್ಥೆಯಲ್ಲಿ ದಾಖಲಾಗಬೇಕು, ಪರೀಕ್ಷಿಸಿದವರು ಸರಿ ಎನ್ನಬೇಕು. ಎಂದರೆ ಪಟ್ಟಿ ಮಾಡುವುದು ಯಂತ್ರ, ಸರಿ ಎನ್ನುವುದು ಮನುಷ್ಯ. ಫೆಡೋರಾ ಎಂಬ ಮತ್ತೊಂದು ಲಿನಕ್ಸ್‌ನ ಬೋಧಿ ವ್ಯವಸ್ಥೆಯಲ್ಲಿ ಬಳಸಿ ನೋಡಿದವರು ಕರ್ಮ ಎಂಬ ಹೆಸರಿನ ಅಂಕ ಕೊಡುತ್ತಾರೆ, ಚೆನ್ನಾಗಿದ್ದರೆ ಒಂದು ಕೂಡುತ್ತದೆ, ಕೆಟ್ಟಿದ್ದರೆ ಒಂದು ಕಳೆಯುತ್ತದೆ. ನಿಮಗೆ ಈ ಮೂರರಿಂದಲೂ ತೆಗೆದುಕೊಳ್ಳುವುದಿದೆ: ಡೆಬಿಯನ್‌ನಿಂದ ಸಬೂಬಿನ ಪುಟ, ಜೆಂಟೂದಿಂದ ಕೊನೆಯ ಒಪ್ಪಿಗೆ ಮನುಷ್ಯನದು ಎಂಬ ಪದ್ಧತಿ, ಫೆಡೋರಾದಿಂದ ಬಳಸಿದವರ ಮಾತಿಗೂ ಅಂಕಿಯ ಬೆಲೆ ಕೊಡುವ ಕ್ರಮ.

ಅವರ ದಿನಗಳ ಅಂಕಿಯನ್ನು ಮಾತ್ರ ತೆಗೆದುಕೊಳ್ಳಬೇಡಿ. ಡೆಬಿಯನ್ ಅನ್‌ಸ್ಟೇಬಲ್ ಬಳಸುವವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ಯಾವ ಹೊತ್ತಿನಲ್ಲೂ ಯಾರೋ ಒಬ್ಬರು ಆ ಪ್ಯಾಕೇಜನ್ನು ಬಳಸುತ್ತಿರುತ್ತಾರೆ. ಅಲ್ಲಿ 10 ದಿನದ ಮೌನಕ್ಕೆ ಅರ್ಥವಿದೆ. ನಿಮ್ಮಲ್ಲಿ ಟೆಸ್ಟಿಂಗ್ ಬಳಸುವುದು ಆರು ಕಂಪ್ಯೂಟರ್. ಅವುಗಳಲ್ಲಿ ಎರಡು ಶಾಲೆಯಲ್ಲಿದ್ದರೆ ದಸರಾ ರಜೆಯಲ್ಲೂ ಬೇಸಿಗೆ ರಜೆಯಲ್ಲೂ ಅವಕ್ಕೆ ಬೀಗ. ಸಂಘದ ಕಂಪ್ಯೂಟರ್ ಇರುವ ಊರಿನಲ್ಲಿ ಜುಲೈ ಮಳೆಗೆ ಮರ ಬಿದ್ದು ತಂತಿ ಹರಿದರೆ ಮೂರು ದಿನ ಕರೆಂಟಿಲ್ಲ. ಶಿರಸಿಯವರಾದ ನಿಮಗೆ ಚಾಲಿ ಅಡಿಕೆ ಒಣಗಿಸುವ ಲೆಕ್ಕ ಗೊತ್ತು. ಅಂಗಳದಲ್ಲಿ 40–45 ದಿನ ಎನ್ನುತ್ತೇವೆ, ಆದರೆ ಎಣಿಸುವುದು ಬಿಸಿಲು ಬಿದ್ದ ದಿನಗಳನ್ನು. ಮೋಡ ಕವಿದು ತಾಡಪತ್ರಿ ಹೊದಿಸಿಟ್ಟ ದಿನಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ಯಾಕೇಜಿಗೂ ಕ್ಯಾಲೆಂಡರಿನ ದಿನ ಬಿಟ್ಟು ಬಳಕೆಯ ದಿನ ಎಣಿಸಿ.

ಬಳಕೆಯಾಯಿತು ಎಂದು ತಿಳಿಯುವುದು ಹೇಗೆ? ಕೆಲಸದಲ್ಲಿ ಹೆಚ್ಚು ತಲೆ ಓಡಿಸಬೇಕಾದ ಭಾಗ ಇದೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವೇ ಬರೆದ ಪ್ರೋಗ್ರಾಮುಗಳಿಗೆ ಸುಲಭ. ರಸೀದಿ ಪ್ರೋಗ್ರಾಂ ತೆರೆದಾಗ ಒಂದು ಸಾಲು, ರಸೀದಿ ಪ್ರಿಂಟರಿಗೆ ಯಶಸ್ವಿಯಾಗಿ ಹೋದಾಗ ಇನ್ನೊಂದು ಸಾಲು ಲಾಗ್ ಕಡತಕ್ಕೆ ಬರೆಯಲಿ. ಸಾಲಿನಲ್ಲಿ ಪ್ಯಾಕೇಜಿನ ಹೆಸರು, ಆವೃತ್ತಿ, ದಿನಾಂಕ ಇಷ್ಟೇ ಇರಲಿ. ಸದಸ್ಯರ ಹೆಸರು, ಖಾತೆ ಸಂಖ್ಯೆ, ಮೊತ್ತ ಯಾವುದೂ ಈ ಲಾಗಿಗೆ ಬರಕೂಡದು. ಬೇರೆಯವರು ಬರೆದ ಪ್ರೋಗ್ರಾಮುಗಳಿಗೆ ಕಡತವನ್ನು ಕೊನೆಯ ಸಲ ಓದಿದ ಸಮಯವನ್ನು ನೋಡಬಹುದು. ಯಾವ ಪ್ಯಾಕೇಜ್ ಎಷ್ಟು ಬಳಕೆಯಲ್ಲಿದೆ ಎಂದು ಎಣಿಸುವ ಡೆಬಿಯನ್‌ನ ಪಾಪ್ಯುಲಾರಿಟಿ-ಕಾಂಟೆಸ್ಟ್ ಸಾಧನವೂ ಇದನ್ನೇ ನೆಚ್ಚಿಕೊಂಡಿದೆ. ಇಂದಿನ ಲಿನಕ್ಸ್‌ನಲ್ಲಿ ಡಿಸ್ಕ್‌ಗಳು ಸಾಮಾನ್ಯವಾಗಿ ರೆಲ್‌ಎಟೈಮ್ ಎಂಬ ಆಯ್ಕೆಯೊಂದಿಗೆ ಮೌಂಟ್ (ಜೋಡಣೆ) ಆಗಿರುತ್ತವೆ. ಹಾಗಿದ್ದಾಗ ಆ ಸಮಯ ಪ್ರತಿ ಓದಿಗೂ ಬದಲಾಗುವುದಿಲ್ಲ, ಆದರೆ 24 ಗಂಟೆಗಿಂತ ಹಳೆಯದಾಗಿದ್ದರೆ ಬದಲಾಗುತ್ತದೆ. ನಮಗೆ ದಿನದ ಸ್ಥೂಲ ಲೆಕ್ಕ ಸಿಕ್ಕರೆ ಸಾಕು, ಹಾಗಾಗಿ ದೊಡ್ಡ ತೊಂದರೆಯಿಲ್ಲ. ಯಾರಾದರೂ ವೇಗಕ್ಕೆಂದು ನೋ-ಎಟೈಮ್ ಹಾಕಿದ್ದರೆ ಮಾತ್ರ ಈ ಗುರುತು ಸಿಗುವುದೇ ಇಲ್ಲ, ಅದನ್ನು ಮೊದಲೇ ಪರೀಕ್ಷಿಸಿಕೊಳ್ಳಿ. ರಾತ್ರಿಯ ಬ್ಯಾಕಪ್ ಪ್ರೋಗ್ರಾಂ ಕಡತಗಳನ್ನು ಓದಿದರೂ ಆ ಸಮಯ ಬದಲಾಗಿಬಿಡುತ್ತದೆ. ಆಮೇಲೆ 24 ಗಂಟೆಯೊಳಗೆ ನಡೆದ ನಿಜವಾದ ಬಳಕೆ ಗುರುತಿಗೆ ಸಿಗದೆ ಹೋಗಬಹುದು, ಅದಕ್ಕೆ ಬ್ಯಾಕಪ್ ಮುಟ್ಟುವ ಫೋಲ್ಡರ್‌ಗಳಲ್ಲಿ ಪ್ರೋಗ್ರಾಮುಗಳು ಇರಬಾರದು.

ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಒಂದು ಮೋಸವಿದೆ. ಹೊಸ ಕರ್ನಲ್ ಇನ್‌ಸ್ಟಾಲ್ ಆಗಿದೆ ಎಂದು ಪ್ಯಾಕೇಜ್ ಕೂರಿಸುವ ಸಾಧನವಾದ ಡಿಪಿಕೆಜಿ ಹೇಳುತ್ತದೆ, ಆದರೆ ಕಂಪ್ಯೂಟರನ್ನು ಮರುಪ್ರಾರಂಭಿಸುವವರೆಗೆ ಓಡುತ್ತಿರುವುದು ಹಳೆಯದೇ. ಯುನೇಮ್ ಆಜ್ಞೆಯಿಂದ ಓಡುತ್ತಿರುವ ಕರ್ನಲ್ಲಿನ ಹೆಸರು ಕೇಳಿ ಪಡೆದು ಅದನ್ನೇ ಲೆಕ್ಕಕ್ಕೆ ಹಿಡಿಯಿರಿ. ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಲೈಬ್ರರಿಗಳದೂ ಇದೇ ಕಥೆ. ಬೆಳಿಗ್ಗೆ ತೆರೆದ ಪ್ರೋಗ್ರಾಂ ಸಂಜೆಯವರೆಗೂ ಮುಚ್ಚದಿದ್ದರೆ ನಡುವೆ ಬಂದ ಹೊಸ ಲೈಬ್ರರಿ ಅದಕ್ಕೆ ಮುಟ್ಟುವುದೇ ಇಲ್ಲ. ನೀಡ್‌ರೀಸ್ಟಾರ್ಟ್ ಎಂಬ ಸಾಧನ ಇಂಥವನ್ನು ಪತ್ತೆ ಮಾಡುತ್ತದೆ. ಫಾಂಟ್‌ಗೆ ತನ್ನದೇ ಆದ ಬಳಕೆಯ ಗುರುತು ಇರುವುದಿಲ್ಲ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ರಸೀದಿ ಮುದ್ರಣವಾಗಿದ್ದರೆ ಅದನ್ನೇ ಫಾಂಟಿನ ಬಳಕೆಯೆಂದು ಬರೆದುಕೊಳ್ಳಿ. ಕನ್ನಡದ ಫಾಂಟುಗಳನ್ನು ನಾನು ಹಗುರವಾಗಿ ನೋಡುವುದಿಲ್ಲ. ಅಕ್ಷರದ ಅಗಲ ಎಳ್ಳಷ್ಟು ಬದಲಾದರೂ ಸಾಲು ಮುರಿಯುತ್ತದೆ, ಒತ್ತಕ್ಷರ ಒಂದಿಷ್ಟು ಕೆಳಗಿಳಿದರೂ ಕೆಳಗಿನ ಸಾಲಿನ ಮೊತ್ತದ ಮೇಲೆ ಕೂರುತ್ತದೆ. ಬೈತಖೋಲಿನ ಚೀಟಿಯಲ್ಲಿ ಅಂಕಿ ಅಂಚಿಗೆ ಸಿಕ್ಕಿದ್ದೂ ಹೊಸ ಆವೃತ್ತಿ ಬೇರೆ ಫಾಂಟನ್ನು ಆಯ್ದುಕೊಂಡದ್ದರಿಂದ.

ಕೆಲವು ಪ್ಯಾಕೇಜ್‌ಗಳಿಗೆ ಬಳಕೆಯ ದಿನವೂ ಸಾಲುವುದಿಲ್ಲ, ನಿರ್ದಿಷ್ಟ ಘಟನೆಯೊಂದು ನಡೆದಿರಬೇಕು. ಸದಸ್ಯರ ಖಾತೆಯ ಪ್ರೋಗ್ರಾಂ 20 ದಿನ ಚೆನ್ನಾಗಿ ಓಡಿ ತಿಂಗಳ ಕೊನೆಯ ಬಡ್ಡಿ ಲೆಕ್ಕದಲ್ಲಿ ಮುಗ್ಗರಿಸಬಹುದು. ಅದಕ್ಕೆ ಷರತ್ತನ್ನು ಹೀಗೆ ಬರೆಯಿರಿ: ಕನಿಷ್ಠ ಎರಡು ಕಂಪ್ಯೂಟರ್‌ಗಳಲ್ಲಿ ಒಂದು ತಿಂಗಳ ಲೆಕ್ಕ ಮುಚ್ಚಿರಬೇಕು. ಅಡಿಕೆ ತೂಕದ ಚೀಟಿಗೆ ವ್ಯಾಪಾರ ನಡೆದ ದಿನಗಳು ಬೇಕು, ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ಬೇರೆ ಬೇರೆ ವಿಧದ ಚೀಟಿ ಹೊರಬಂದಿರಬೇಕು. ಬರೀ ಚಾಲಿಯ ಚೀಟಿ ನೂರು ಬಂದರೂ ಕೆಂಪುಗೋಟಿನ ದರದ ಕಾಲಂ ಸರಿಯಿದೆಯೆಂದು ಗೊತ್ತಾಗುವುದಿಲ್ಲ. ಕೀಲಿಮಣೆಯ ಪ್ಯಾಕೇಜಿಗಾದರೆ ಮೂರು ಕಂಪ್ಯೂಟರ್, ಐದು ಬಳಕೆಯ ದಿನ ಸಾಕು. ನಲವತ್ತು ಪ್ಯಾಕೇಜಿಗೂ ಒಂದೇ ನಿಯಮ ಹಾಕುವುದು ಸೋಮಾರಿತನ. ನೀವಿಬ್ಬರೂ ಒಂದು ಮಧ್ಯಾಹ್ನ ಕುಳಿತು ಪ್ಯಾಕೇಜ್‌ಗಳನ್ನು ನಾಲ್ಕೈದು ಗುಂಪು ಮಾಡಿ ಗುಂಪಿಗೊಂದು ಷರತ್ತು ಬರೆದುಕೊಳ್ಳಿ.

ಈಗ ನಿಮ್ಮ ಎಕ್ಸೆಲ್ ಹಾಳೆ. ಅದು ಹಿಂದೆ ಬೀಳಲು ನಿಮ್ಮ ಅಲಕ್ಷ್ಯ ಕಾರಣವಲ್ಲ. ಅದರಲ್ಲಿ ನೀವು ‘ಸಿದ್ಧ’, ‘ಸಿದ್ಧವಿಲ್ಲ’ ಎಂಬ ತೀರ್ಮಾನಗಳನ್ನು ಬರೆಯುತ್ತಿದ್ದೀರಿ. ತೀರ್ಮಾನ ಬರೆದ ಮರುಗಳಿಗೆಯಲ್ಲೇ ಹಳತಾಗುತ್ತದೆ. ಸಂಗತಿಗಳನ್ನು ಮಾತ್ರ ಕೂಡಿಡಿ: ಯಾವ ಆವೃತ್ತಿ ಯಾವಾಗ ಟೆಸ್ಟಿಂಗ್‌ಗೆ ಬಂತು, ಯಾವ ಕಂಪ್ಯೂಟರ್ ಯಾವ ದಿನ ಏನನ್ನು ಬಳಸಿತು, ಯಾವ ದೂರು ಯಾವ ಆವೃತ್ತಿಯ ಮೇಲಿದೆ. ತೀರ್ಮಾನವನ್ನು ಪ್ರತಿ ರಾತ್ರಿ ಸಂಗತಿಗಳಿಂದ ಹೊಸದಾಗಿ ಲೆಕ್ಕ ಹಾಕಬೇಕು. ಅದನ್ನು ಯಾರೂ ಕೈಯಿಂದ ತಿದ್ದುವಂತಿರಬಾರದು.

ಆವೃತ್ತಿ ಸಂಖ್ಯೆಗೂ ಎಕ್ಸೆಲ್‌ಗೂ ಹೊಂದಿಕೆಯಾಗದು. 1.10 ಎಂದು ಬರೆದರೆ ಅದು 1.1 ಮಾಡುತ್ತದೆ, 3-2 ಎಂದು ಬರೆದರೆ ದಿನಾಂಕ ಮಾಡುತ್ತದೆ. ಅಕ್ಷರವೆಂದು ಉಳಿಸಿಕೊಂಡರೂ ವಿಂಗಡಿಸುವಾಗ 1.10 ಎಂಬುದು 1.9ಕ್ಕಿಂತ ಮೊದಲು ಬರುತ್ತದೆ, ನಿಜವಾಗಿ ಅದು ಆಮೇಲಿನದು. ಡೆಬಿಯನ್‌ನಲ್ಲಿ 2.5~ಆರ್‌ಸಿ1 ಎಂಬುದು 2.5ಕ್ಕಿಂತ ಹಳೆಯದು, ಏಕೆಂದರೆ ಅಲೆಯ ಗುರುತು (~) ಖಾಲಿ ಜಾಗಕ್ಕಿಂತಲೂ ಹಿಂದೆ ನಿಲ್ಲುತ್ತದೆ. ಈ ನಿಯಮಗಳನ್ನು ನೀವು ಮತ್ತೆ ಬರೆಯಲು ಹೋಗಬೇಡಿ. ಡಿಪಿಕೆಜಿಯಲ್ಲಿ ಎರಡು ಆವೃತ್ತಿ ಹೋಲಿಸುವ ಆಜ್ಞೆಯಿದೆ, ಪೈಥಾನ್-ಆಪ್ಟ್ ಲೈಬ್ರರಿಯಲ್ಲೂ ಇದೆ. ಸಂಗತಿಗಳನ್ನು ಇಡಲು ಒಂದು ಎಸ್‌ಕ್ಯುಲೈಟ್ ಡೇಟಾಬೇಸ್ ಕಡತ, ರಾತ್ರಿ 9ಕ್ಕೆ ಓಡುವ ಒಂದು ಪೈಥಾನ್ ಸ್ಕ್ರಿಪ್ಟ್, ಇಷ್ಟರಲ್ಲಿ ನಿಮ್ಮ ಅಗತ್ಯ ಮುಗಿಯುತ್ತದೆ.

ಪುಟದ ಒಂದು ನಮೂದು ಹೇಗಿರಬೇಕೆಂದು ಬರೆದು ತೋರಿಸುತ್ತೇನೆ:

ರಸೀದಿ-ಮುದ್ರಣ, ಸ್ಟೇಬಲ್‌ನಲ್ಲಿ 2.4-1, ಟೆಸ್ಟಿಂಗ್‌ನಲ್ಲಿ 2.5-1
ಟೆಸ್ಟಿಂಗ್‌ಗೆ ಬಂದು 12 ದಿನ
ಇನ್‌ಸ್ಟಾಲ್ ಆಗಿರುವುದು 6ರಲ್ಲಿ, ಬಳಸಿದ್ದು 2ರಲ್ಲಿ, ಬೇಕಾದದ್ದು 4
ಬಳಕೆಯ ದಿನ 7, ಬೇಕಾದದ್ದು 10
3 ದಿನದಿಂದ ವರದಿ ಕಳಿಸದ ಕಂಪ್ಯೂಟರ್: 2
ಹೊಸ ಗಂಭೀರ ದೂರು: ಇಲ್ಲ
ಜೊತೆಯಲ್ಲಿ ದಾಟಬೇಕಾದದ್ದು: ಮುದ್ರಣ-ಲೈಬ್ರರಿ 1.10-1
ತಡೆ: ಬಳಕೆ ಸಾಲದು

ಐದನೆಯ ಸಾಲನ್ನು ಯಾವ ಕಾರಣಕ್ಕೂ ಬಿಡಬೇಡಿ. ವರದಿ ಬಂದಿಲ್ಲ ಎಂಬುದೂ ದೂರು ಇಲ್ಲ ಎಂಬುದೂ ಒಂದೇ ಅಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುವುದು ಮಲೆನಾಡಿನಲ್ಲಿ ಹೊಸದಲ್ಲ. ಕಂಪ್ಯೂಟರ್ ತನ್ನ ವರದಿಯನ್ನು ತನ್ನಲ್ಲೇ ಬರೆದಿಟ್ಟುಕೊಂಡು ಸಂಪರ್ಕ ಬಂದಾಗ ಎಲ್ಲ ದಿನಗಳದ್ದನ್ನೂ ಒಟ್ಟಿಗೆ ಕಳಿಸುವಂತೆ ಮಾಡಿ.

ಆರನೆಯ ಸಾಲಿಗೆ ಬರೋಣ. ಸಂಘದ ಕಾರ್ಯದರ್ಶಿ ಫೋನ್ ಮಾಡಿ ‘ಅಣ್ಣಾ, ಪ್ರಿಂಟ್ ಬರುತ್ತಿಲ್ಲ, ಒಮ್ಮೆ ನೋಡಿ’ ಎನ್ನುತ್ತಾರೆ. ನೀವು ಫೋನಿನಲ್ಲೇ ಏನೋ ಹೇಳಿ ಸರಿಪಡಿಸುತ್ತೀರಿ. ಅಲ್ಲಿಗೆ ಆ ದೂರು ಗಾಳಿಗೆ ಹೋಯಿತು. ಫೋನ್ ಇಟ್ಟ ಕೂಡಲೇ ಒಂದು ಸಾಲು ಬರೆದುಕೊಳ್ಳುವ ಅಭ್ಯಾಸ ನಿಮ್ಮಿಬ್ಬರಿಗೂ ಬರದಿದ್ದರೆ ಉಳಿದ ಯಾವ ಯಂತ್ರವೂ ನೆರವಿಗೆ ಬರುವುದಿಲ್ಲ. ಡೆಬಿಯನ್‌ನಲ್ಲಿ ಕ್ರಿಟಿಕಲ್, ಗ್ರೇವ್, ಸೀರಿಯಸ್ ಎಂಬ ಮೂರು ಮಟ್ಟದ ಬಗ್‌ಗಳು ಬಿಡುಗಡೆಯನ್ನು ತಡೆಯುತ್ತವೆ. ನಿಮಗೆ ಎರಡೇ ಮಟ್ಟ ಸಾಕು: ಕೆಲಸ ನಿಲ್ಲಿಸುವಂಥದ್ದು, ನಿಲ್ಲಿಸದಂಥದ್ದು. ಪ್ರತಿ ದೂರಿಗೂ ಅದು ಕಂಡ ಆವೃತ್ತಿಯ ಸಂಖ್ಯೆ ಬೇಕೇ ಬೇಕು. ಕಾರಣ ಇಷ್ಟೆ. ಸ್ಟೇಬಲ್‌ನಲ್ಲಿರುವ 2.4ರಲ್ಲೂ ಟೆಸ್ಟಿಂಗ್‌ನ 2.5ರಲ್ಲೂ ಒಂದೇ ದೋಷವಿದ್ದರೆ 2.5ನ್ನು ತಡೆದು ಲಾಭವಿಲ್ಲ, ತಡೆದರೆ ಅದರಲ್ಲಿ ಸರಿಪಡಿಸಿರುವ ಬೇರೆ ದೋಷಗಳೂ ಸ್ಟೇಬಲ್‌ನಲ್ಲಿ ಹಾಗೆಯೇ ಉಳಿಯುತ್ತವೆ. ತಡೆಯಬೇಕಾದದ್ದು ಹೊಸದಾಗಿ ಹುಟ್ಟಿದ ದೋಷವನ್ನು.

ಜೊತೆಯಲ್ಲಿ ದಾಟಬೇಕಾದವು ಯಾವುವು ಎಂದು ಕಂಡುಹಿಡಿಯಲು ಪ್ಯಾಕೇಜಿಗೆ ಬೇಕಾದವುಗಳನ್ನು ನಮೂದಿಸಿರುವ ಕಂಟ್ರೋಲ್ ಕಡತ ಓದಿ ಊಹಿಸುವುದಕ್ಕಿಂತ ಮಾಡಿ ನೋಡುವುದೇ ಒಳ್ಳೆಯದು. ಸರ್ವರ್‌ನಲ್ಲಿ ಡೆಬೂಟ್‌ಸ್ಟ್ರಾಪ್ ಎಂಬ ಸಾಧನದಿಂದ ಒಂದು ಶುದ್ಧ ಸಿಎಚ್‌ರೂಟ್ (ಉಳಿದದ್ದರಿಂದ ಬೇರ್ಪಟ್ಟ ಪುಟ್ಟ ಡೆಬಿಯನ್) ಮಾಡಿ. ಅದಕ್ಕೆ ಸ್ಟೇಬಲ್ ರೆಪೊಸಿಟರಿಯನ್ನಷ್ಟೇ ತೋರಿಸಿ, ಪರೀಕ್ಷಿಸಬೇಕಾದ ಒಂದೇ ಪ್ಯಾಕೇಜನ್ನು ಅದರೊಳಗೆ ಸೇರಿಸಿ ಪ್ಯಾಕೇಜ್ ತಂದು ಕೂರಿಸುವ ಆಪ್ಟ್‌ಗೆ ಸಿಮ್ಯುಲೇಟ್ ಮಾಡಲು (ನಿಜವಾಗಿ ಕೂರಿಸದೆ ಲೆಕ್ಕ ಹಾಕಲು) ಹೇಳಿ. ಇನ್‌ಸ್ಟಾಲ್ ಆಗದಿದ್ದರೆ ಯಾವುದು ಕೊರತೆ ಎಂದು ಆಪ್ಟ್ ತಾನೇ ಹೇಳುತ್ತದೆ. ಅದನ್ನೂ ಸೇರಿಸಿ ಮತ್ತೆ ನೋಡಿ. ನಲವತ್ತೇ ಪ್ಯಾಕೇಜ್ ಆದ್ದರಿಂದ ಪ್ರತಿ ರಾತ್ರಿ ಎಲ್ಲವನ್ನೂ ಹೀಗೆ ಪರೀಕ್ಷಿಸಿದರೂ ಸರ್ವರ್ ದಣಿಯುವುದಿಲ್ಲ. ಇನ್‌ಸ್ಟಾಲ್, ಹಳೆಯದರಿಂದ ಅಪ್‌ಗ್ರೇಡ್, ತೆಗೆದುಹಾಕುವುದು ಈ ಮೂರನ್ನೂ ಪಿಯುಪಾರ್ಟ್ಸ್ ಎಂಬ ಸಾಧನ ಮಾಡಿ ತೋರಿಸುತ್ತದೆ. ಅಪ್‌ಗ್ರೇಡ್ ಪರೀಕ್ಷೆಯನ್ನು ತಪ್ಪಿಸಬೇಡಿ, ನಿಮ್ಮ 58 ಕಂಪ್ಯೂಟರ್‌ಗಳಲ್ಲಿ ನಡೆಯುವುದು ಅಪ್‌ಗ್ರೇಡೇ.

ಶಾಲೆಗಳಲ್ಲಿ ದಾನವಾಗಿ ಬಂದ ಹಳೆಯ 32 ಬಿಟ್ ಕಂಪ್ಯೂಟರ್‌ಗಳೇನಾದರೂ ಇವೆಯೇ? ಇದ್ದರೆ ಅವಕ್ಕೂ ಬಿಲ್ಡ್ ಆಗಿದೆಯೇ ಎಂಬುದು ಪುಟದಲ್ಲಿ ಬೇರೆಯೇ ತಡೆಯಾಗಬೇಕು. 2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13 ಟ್ರಿಕ್ಸಿಯಲ್ಲಿ ಇಂಥ ಕಂಪ್ಯೂಟರ್‌ಗಳಿಗೆ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. ಅವು 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12 ಬುಕ್‌ವರ್ಮ್‌ನಲ್ಲೇ ಉಳಿಯಬೇಕು. ಹಾಗೆಂದ ಮೇಲೆ ಬುಕ್‌ವರ್ಮ್‌ಗೆ ಒಂದು, ಟ್ರಿಕ್ಸಿಗೆ ಒಂದು ಎಂದು ಸ್ಟೇಬಲ್ ಎರಡಾಗುತ್ತವೆ, ಬಳಕೆಯ ದಿನಗಳನ್ನೂ ಬೇರೆಬೇರೆಯಾಗಿ ಎಣಿಸಬೇಕಾಗುತ್ತದೆ.

ಡೆಬಿಯನ್‌ನ ಭದ್ರತಾ ತಿದ್ದುಪಡಿಗಳನ್ನು ಈ ಸಾಲಿನಲ್ಲಿ ನಿಲ್ಲಿಸಲೇಬೇಡಿ. ಅವು ಡೆಬಿಯನ್‌ನ ಭದ್ರತಾ ಸರ್ವರ್‌ನಿಂದ ನೇರವಾಗಿ 64 ಕಂಪ್ಯೂಟರ್‌ಗಳಿಗೂ ಬರಲಿ, ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಎಂಬ ಸಾಧನ ಅದನ್ನು ನೋಡಿಕೊಳ್ಳುತ್ತದೆ. ಸದಸ್ಯರ ಹಣದ ಲೆಕ್ಕವಿರುವ ಕಂಪ್ಯೂಟರಿನಲ್ಲಿ ಗೊತ್ತಿರುವ ತೂತನ್ನು 10 ದಿನ ತೆರೆದಿಡುವುದಕ್ಕೆ ನಾನು ಒಪ್ಪುವುದಿಲ್ಲ.

ಸ್ಕ್ರಿಪ್ಟಿನ ಮಾತನ್ನು ಮೀರಬೇಕಾದ ದಿನ ಬಂದೇ ಬರುತ್ತದೆ. ಸರ್ಕಾರದ ಹೊಸ ನಮೂನೆ ಸೋಮವಾರದಿಂದ ಕಡ್ಡಾಯ ಎಂದಾದರೆ ಬಳಕೆಯ ದಿನಕ್ಕೆ ಕಾಯಲಾಗದು. ಡೆಬಿಯನ್‌ನಲ್ಲಿ ಬಿಡುಗಡೆ ತಂಡದವರು ಇಂಥ ಹೊತ್ತಿನಲ್ಲಿ ಹಿಂಟ್ ಎಂಬ ಸಣ್ಣ ಸೂಚನೆ ಬರೆಯುತ್ತಾರೆ. ಇದನ್ನು ತಡೆ, ಇದನ್ನು ಬಿಡು, ಇದಕ್ಕೆ ಇಷ್ಟೇ ದಿನ ಸಾಕು ಎಂಬಂಥವು. ಯಾರ ಸೂಚನೆ ಎಂಬುದು ಉಳಿಯುತ್ತದೆ. ನೀವೂ ಒಂದು ಕಡತ ಇಟ್ಟು ಅದರಲ್ಲಿ ಪ್ಯಾಕೇಜ್, ಆವೃತ್ತಿ, ಬರೆದವರ ಹೆಸರು, ಕಾರಣ, ಎಂದಿನವರೆಗೆ ಎಂಬ ಐದನ್ನೂ ಬರೆಯಿರಿ. ಆವೃತ್ತಿ ಇಲ್ಲದ ಸೂಚನೆಯನ್ನು ಸ್ಕ್ರಿಪ್ಟ್ ತಿರಸ್ಕರಿಸಲಿ. ಇಲ್ಲದಿದ್ದರೆ 2.5ಕ್ಕೆಂದು ಬರೆದ ವಿನಾಯಿತಿ ಮುಂದಿನ ವರ್ಷ 2.9ಕ್ಕೂ ದಾರಿ ಬಿಡುತ್ತದೆ.

ಏನನ್ನೂ ದಾಟಿಸದ ದಿನಗಳನ್ನೂ ಅದೇ ಕಡತದಲ್ಲಿ ಬರೆಯಬಹುದು. ಟ್ರಿಕ್ಸಿ ಬಿಡುಗಡೆಗೆ ಮುನ್ನ ಡೆಬಿಯನ್ 2025ರ ಮಾರ್ಚ್ 15ರಿಂದ ಹಂತಹಂತವಾಗಿ ಬಾಗಿಲು ಬಿಗಿ ಮಾಡುತ್ತಾ ಹೋಯಿತು. ನಿಮ್ಮ ಸಂಘಗಳಿಗೆ ಮಾರ್ಚ್ 31 ವರ್ಷದ ಲೆಕ್ಕ ಮುಚ್ಚುವ ದಿನ. ಮಾರ್ಚ್ 15ರಿಂದ ಏಪ್ರಿಲ್ 10ರವರೆಗೆ ಖಾತೆ, ರಸೀದಿ, ಪ್ರಿಂಟರ್ ಯಾವುದನ್ನೂ ಮುಟ್ಟಬೇಡಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳೂ ಆ ಪಟ್ಟಿಯಲ್ಲಿರಲಿ. ಪೇಟೆಯಿಡೀ ಜಾತ್ರೆಯಲ್ಲಿರುವಾಗ ತೊಂದರೆ ಎದ್ದರೆ ನೀವು ಸ್ಥಳಕ್ಕೆ ತಲುಪುವುದೇ ಕಷ್ಟ. ಮಾಮೂಲಿ ದಿನಗಳಲ್ಲಿ ದಾಟಿಸುವ ಕೆಲಸ ಮಂಗಳವಾರ ಬೆಳಿಗ್ಗೆ ಇರಲಿ. ಶನಿವಾರ ಮಧ್ಯಾಹ್ನದ ಬಿಡುಗಡೆ ಭಾನುವಾರವಿಡೀ ಯಾರ ಕಣ್ಣಿಗೂ ಬೀಳದೆ ಸೋಮವಾರದ ಜನಸಂದಣಿಯಲ್ಲಿ ಸಿಡಿಯುತ್ತದೆ.

ನಿಮ್ಮ ಮೂಲ ಪ್ರಶ್ನೆ ಸ್ಕ್ರಿಪ್ಟ್ ತಾನಾಗಿಯೇ ದಾಟಿಸಬಹುದೇ ಎಂಬುದಲ್ಲವೇ? ಮೊದಲ ಆರು ತಿಂಗಳು ಬೇಡ. ಅದು ಸಿದ್ಧ ಎಂದದ್ದನ್ನು ನೀವು ಎಷ್ಟು ಸಲ ತಡೆದಿರಿ, ತಡೆದದ್ದು ಏಕೆ ಎಂದು ಬರೆದಿಡಿ. ಒಂದೊಂದು ಸಲ ತಡೆದಾಗಲೂ ಸ್ಕ್ರಿಪ್ಟಿಗೆ ಗೊತ್ತಿಲ್ಲದ ಒಂದು ಷರತ್ತು ನಿಮ್ಮ ತಲೆಯಲ್ಲಿತ್ತು ಎಂದರ್ಥ. ಅದನ್ನು ಸ್ಕ್ರಿಪ್ಟಿಗೆ ಸೇರಿಸಿ. ಯಾವ ಗುಂಪಿನಲ್ಲಿ ಆರು ತಿಂಗಳು ನೀವು ಒಮ್ಮೆಯೂ ತಡೆಯಲಿಲ್ಲವೋ ಆ ಗುಂಪನ್ನು, ಬಹುಶಃ ಕೀಲಿಮಣೆ ಮತ್ತು ಸಹಾಯ ಕಡತಗಳನ್ನು, ಅದರ ಕೈಗೆ ಕೊಡಿ. ಹಣ ಮತ್ತು ಮುದ್ರಣದ ಪ್ಯಾಕೇಜ್‌ಗಳನ್ನು ನಾನಾದರೆ ಎಂದೂ ಕೊಡುವುದಿಲ್ಲ.

ಕೊನೆಯ ಒಂದು ಎಚ್ಚರಿಕೆ ಹಿಂದಕ್ಕೆ ಬರುವುದರ ಬಗ್ಗೆ. ರೆಪೊಸಿಟರಿ ನಡೆಸಲು ಆಪ್ಟ್ಲಿ ಎಂಬ ಸಾಧನ ಬಳಸಿದರೆ ಪ್ರತಿ ಬಿಡುಗಡೆಯ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಪ್ರತಿ) ಇಟ್ಟುಕೊಂಡು ಹಿಂದಿನದಕ್ಕೆ ಒಂದೇ ಆಜ್ಞೆಯಲ್ಲಿ ಮರಳಬಹುದು. ಇದನ್ನು ನೋಡಿ ಧೈರ್ಯ ತಾಳುವವರು ಬಹಳ. ಮರಳುವುದು ಸರ್ವರ್ ಮಾತ್ರ. ಆಗಲೇ 2.5ಕ್ಕೆ ಹೋದ ಕಂಪ್ಯೂಟರ್ ರೆಪೊಸಿಟರಿಯಲ್ಲಿ 2.4 ಕಂಡರೆ ತಾನಾಗಿ ಕೆಳಗಿಳಿಯುವುದಿಲ್ಲ, ಯಾವ ಆವೃತ್ತಿ ಬೇಕೆಂದು ಹೇಳುವ ಆಪ್ಟ್ ಪಿನ್ನಿನ ಆದ್ಯತೆಯನ್ನು 1000 ಅಥವಾ ಅದಕ್ಕಿಂತ ಮೇಲೆ ಇಟ್ಟಾಗ ಮಾತ್ರ ಇಳಿಯುತ್ತದೆ. ಹಾಗೆ ಇಳಿಸಿದರೂ 2.5 ತನ್ನ ಡೇಟಾಬೇಸಿನ ರೂಪ ಬದಲಿಸಿದ್ದರೆ 2.4ಕ್ಕೆ ಅದನ್ನು ಓದಲು ಬರುವುದಿಲ್ಲ. ಬೈತಖೋಲಿನಲ್ಲಿ ಆ ದಿನ ಮಧ್ಯಾಹ್ನದವರೆಗೆ ಹೊತ್ತು ಹೋದದ್ದು ಇದರಲ್ಲೇ. ಆದ್ದರಿಂದ ಹಳೆಯ ಪ್ಯಾಕೇಜನ್ನೇ 2.6 ಎಂಬ ಹೊಸ ಸಂಖ್ಯೆಯಲ್ಲಿ ಕಟ್ಟಿ ಮುಂದಕ್ಕೆ ಕಳಿಸುವುದು ಒಳ್ಳೆಯದು. ಅದಕ್ಕೆ ಬೇಕಾದ ಡೇಟಾಬೇಸ್ ಪ್ರತಿಯನ್ನು ಅಪ್‌ಗ್ರೇಡ್‌ಗೆ ಮುನ್ನ ಪ್ಯಾಕೇಜ್ ಕೂರುವ ಮೊದಲು ಓಡುವ ಅದರ ಪ್ರಿಇನ್‌ಸ್ಟ್ ಸ್ಕ್ರಿಪ್ಟೇ ತೆಗೆದಿಡಲಿ. ಸ್ಟೇಬಲ್‌ಗೆ ದಾಟಿದ ದಿನ 58 ಕಂಪ್ಯೂಟರಿಗೂ ಒಮ್ಮೆಲೇ ಕಳಿಸದೆ, ಶಿರಸಿ ಪೇಟೆಗೆ ಹತ್ತಿರದ ಎರಡು ಸಂಘಗಳಿಗೆ ಮೊದಲು ಕೊಡಿ. ಏನಾದರೂ ಆದರೆ ಬೈಕಿನಲ್ಲಿ ಅರ್ಧ ಗಂಟೆಯೊಳಗೆ ನೀವು ಅಲ್ಲಿರುತ್ತೀರಿ. ಎರಡು ಕೆಲಸದ ದಿನ ಅಲ್ಲಿ ರಸೀದಿ ಸರಿಯಾಗಿ ಬಂದ ಮೇಲೆ ಉಳಿದವಕ್ಕೆ ಬಿಡಿ.